ಓಡಿಸಿ ನೋಡುವ ಭ್ರಮೆ

ಕೊಳ್ಳುವ ಮುನ್ನ ಓಡಿಸಿ ನೋಡಬೇಕು ಎಂಬುದು ಮೋಟಾರು ಪ್ರಿಯರ ವೇದವಾಕ್ಯ. ಮಡಕೆಯನ್ನೂ ಬಡಿದು ನೋಡಿ ಕೊಳ್ಳುವ ನಾಡಿನಲ್ಲಿ ಇದನ್ನು ಅಲ್ಲಗಳೆಯುವುದು ಹೇಗೆ? ಆದರೂ ಅಲ್ಲಗಳೆಯಲೇಬೇಕಾಗಿದೆ. ಮಡಕೆಯನ್ನು ಬಡಿಯುವವನು ಮಡಕೆಯನ್ನೇ ಪರೀಕ್ಷಿಸುತ್ತಾನೆ. ಸ್ಪೋರ್ಟ್ಸ್ ಕಾರನ್ನು ಓಡಿಸಿ ನೋಡುವವನಾದರೋ ತನ್ನ ಎದೆಬಡಿತವನ್ನು ಪರೀಕ್ಷಿಸಿಕೊಂಡು, ಅದನ್ನೇ ಕಾರಿನ ಗುಣವೆಂದು ತಿಳಿದು ಮನೆಗೆ ಬರುತ್ತಾನೆ.

ಉದಾಹರಣೆ ನನ್ನ ಮನೆಯಲ್ಲಿಯೇ ಇದೆ. ಊರಿಗಾಮಿನಲ್ಲಿ ಹುಟ್ಟಿ ಬೆಳೆದು, ಬೆಂಗಳೂರಿನಲ್ಲಿ ಕೈತುಂಬ ಸಂಪಾದಿಸುತ್ತಿರುವ ನನ್ನ ಅಕ್ಕನ ಮಗ ಎರಡು ಕಾರುಗಳ ನಡುವೆ ಸಿಕ್ಕಿಕೊಂಡಿದ್ದಾನೆ. ಒಂದು ಮಿನಿ ಕೂಪರ್ ಎಸ್, ಇನ್ನೊಂದು ಫೋಕ್ಸ್‌ವ್ಯಾಗನ್ ಗಾಲ್ಫ್ ಜಿ.ಟಿ.ಐ. ಇವು ಅಸಲಿ ಸ್ಪೋರ್ಟ್ಸ್ ಕಾರುಗಳೇ ಅಲ್ಲ, ಸಂಸಾರಸ್ಥರ ಕಾರಿಗೆ ಬಲವಾದ ಎಂಜಿನ್ ತೊಡಿಸಿದವು ಎಂದು ಮೂಗು ಮುರಿಯುವ ಪಂಡಿತರಿದ್ದಾರೆ. ಅವರೊಡನೆ ನನಗೆ ಜಗಳವಿಲ್ಲ. ಸೂಯೆಜ್ ಬಿಕ್ಕಟ್ಟಿನಲ್ಲಿ ಪೆಟ್ರೋಲಿಗೆ ಬರ ಬಂದ ಮೇಲೆ, ಕಡಮೆ ಎಣ್ಣೆ ಕುಡಿಯುವ ಪುಟ್ಟ ಕಾರೊಂದು ಬೇಕೆಂದು ಅಲೆಕ್ ಇಸ್ಸಿಗೋನಿಸ್ ರೂಪಿಸಿದ ಮಿನಿ 1959ರಲ್ಲಿ ಬಂತು. ಜಾನ್ ಕೂಪರ್ ಅದರ ಎಂಜಿನಿಗೆ ಕಸುವು ತುಂಬಿದ. 1964, 1965 ಮತ್ತು 1967ರ ಮಾಂಟೆ ಕಾರ್ಲೋ ರ‍್ಯಾಲಿಗಳಲ್ಲಿ ಈ ಗಿಡ್ಡ ಕಾರು ದೊಡ್ಡ ಎಂಜಿನಿನ ಕಾರುಗಳನ್ನು ಹಿಂದೆ ಹಾಕಿ ಗೆದ್ದಿತು. ಗಾಲ್ಫ್ ಜಿ.ಟಿ.ಐ. ಮಾರುಕಟ್ಟೆಗೆ ಬಂದದ್ದು 1976ರಲ್ಲಿ. ಐದು ಸಾವಿರ ಕಾರು ಮಾಡಿದರೆ ಸಾಕೆಂದು ಹೊರಟವರು ಲಕ್ಷಗಟ್ಟಲೆ ಮಾಡಬೇಕಾಯಿತು. ಎರಡೂ ಒಳ್ಳೆಯ ವಂಶದ ಕಾರುಗಳು. ನನ್ನ ತಕರಾರು ಕಾರುಗಳ ಮೇಲಲ್ಲ, ಆರಿಸುವ ರೀತಿಯ ಮೇಲೆ.

ಆ ರೀತಿಯಾದರೂ ಎಂಥದು? ಮೊದಲನೆಯ ಕಾರನ್ನು ಅಂಗಡಿಯವರ ಜೊತೆ ಬೆಂಗಳೂರಿನ ಬೀದಿಗಳಲ್ಲಿ ಅರ್ಧ ಗಂಟೆ ಓಡಿಸಿದ್ದಾನೆ. ಎರಡನೆಯದನ್ನು ಸ್ನೇಹಿತನಿಂದ ಎರವಲು ತಂದು ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆಗಳ ಮೇಲೆ ನಮ್ಮ ಚಿನ್ನದ ಗಣಿಯ ಸೀಮೆಗೆ ಬರುವ ಹೊಸ ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಓಡಿಸಿದ್ದಾನೆ. ಒಂದಕ್ಕೆ ಸಂತೆ, ಇನ್ನೊಂದಕ್ಕೆ ಬಯಲು! ಹೀಗೆ ನೋಡಿ ಬಂದು, "ಮಾವ, ಗಾಲ್ಫಿನ ಮುಂದೆ ಮಿನಿ ಏನೂ ಅಲ್ಲ" ಎಂದು ತೀರ್ಪು ಕೊಟ್ಟ. ಒಂದು ಮೂಟೆಯನ್ನು ಒಂದು ತಕ್ಕಡಿಯಲ್ಲಿಯೂ ಇನ್ನೊಂದನ್ನು ಮತ್ತೊಂದು ತಕ್ಕಡಿಯಲ್ಲಿಯೂ ತೂಗಿದ ವರ್ತಕನ ಲೆಕ್ಕವನ್ನು ಬಂಗಾರಪೇಟೆಯ ಯಾವ ಮಂಡಿಯಲ್ಲಿಯೂ ಒಪ್ಪುವುದಿಲ್ಲ.

ತನ್ನ ತೀರ್ಪಿಗೆ ಅವನು ಕೊಡುವ ಆಧಾರ ಅಂಕಿಗಳದು. ಮಿನಿಯ ಎಂಜಿನ್ 204 ಅಶ್ವಶಕ್ತಿಯದು, ಗಾಲ್ಫಿನದು 265. ನಿಂತ ಜಾಗದಿಂದ ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟಲು ಮಿನಿಗೆ 6.6 ಸೆಕೆಂಡು, ಗಾಲ್ಫಿಗೆ 5.9 ಸೆಕೆಂಡು. ವ್ಯತ್ಯಾಸ ಒಂದು ಸೆಕೆಂಡಿನ ಹತ್ತರಲ್ಲಿ ಏಳು ಪಾಲು. ಬೆಲೆಯ ವ್ಯತ್ಯಾಸವನ್ನೂ ನೋಡೋಣ. 2024ರಲ್ಲಿ ಮಿನಿ ನಮ್ಮ ದೇಶದಲ್ಲಿ ಬಿಡುಗಡೆಯಾದಾಗ ಅದರ ಬೆಲೆ 44.90 ಲಕ್ಷ ರೂಪಾಯಿ, 2025ರ ಮೇ ತಿಂಗಳಲ್ಲಿ ಗಾಲ್ಫ್ ಬಂದಾಗ ಅದರ ಬೆಲೆ 53 ಲಕ್ಷ. ಅಂತರ 8.10 ಲಕ್ಷ. ಅಂದರೆ ಸೆಕೆಂಡಿನ ಹತ್ತನೆಯ ಒಂದೊಂದು ಪಾಲಿಗೂ ಒಂದು ಲಕ್ಷ ಹದಿನೈದು ಸಾವಿರಕ್ಕೆ ಮೇಲೆ! ಇದರ ಮೇಲೆ ಸರಕಾರದ ಜೀವಾವಧಿ ತೆರಿಗೆ ಬೇರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕರಗಿಹೋಗುವ ಕಾಲವನ್ನು ಇಷ್ಟು ದುಬಾರಿಗೆ ಕೊಂಡವನು, ಮುಂದಿನ ಸಿಗ್ನಲಿನಲ್ಲಿ ಅದನ್ನು ಪುಕ್ಕಟೆಯಾಗಿ ಕಳೆಯುತ್ತಾನೆ.

"ಅವನ ದುಡ್ಡು, ಅವನ ಇಷ್ಟ, ನಿಮಗೇನು?" ಎಂದು ವಾಚಕರು ಕೇಳಬಹುದು. ದುಡ್ಡು ಅವನದು, ಒಪ್ಪಿದೆ. ರಸ್ತೆ ಅವನದಲ್ಲ. 2024ರ ಡಿಸೆಂಬರಿನಲ್ಲಿ ಕರ್ನಾಟಕದ ಭಾಗದ ಸುಮಾರು ಎಪ್ಪತ್ತು ಕಿಲೋಮೀಟರ್ ರಸ್ತೆಯಲ್ಲಿ ವಾಹನಗಳನ್ನು ಬಿಟ್ಟಂದಿನಿಂದ ಅದು ಬೆಂಗಳೂರಿನ ಶೋಕಿವಂತರ ಪರೀಕ್ಷಾ ಮೈದಾನವಾಗಿದೆ. ಅಲ್ಲಿ ಕಾರಿಗೆ ಗೊತ್ತುಪಡಿಸಿದ ಮಿತಿ ಗಂಟೆಗೆ 120 ಕಿಲೋಮೀಟರ್. ಗಾಲ್ಫಿನ ಪ್ರಯಾಣದಲ್ಲಿ ನಾನೂ ಪಕ್ಕದಲ್ಲಿ ಕುಳಿತಿದ್ದೆ. ಮುಳ್ಳು ಮಿತಿಯನ್ನು ದಾಟಿದ್ದನ್ನು ಹುಡುಗ ಗಮನಿಸಿದ್ದು ನಾನು ಹೇಳಿದ ಮೇಲೆಯೇ. ಇದು ಕಾರಿನ ದೋಷವಲ್ಲ. ಇಂಥ ಕಾರಿನ ದೊಡ್ಡ ಗುಣವೇ ವೇಗವನ್ನು ವೇಗವೆಂದು ತೋರಗೊಡದಿರುವುದು. ಆದರೆ ಆ ಗುಣವೇ ಅಪಾಯದ ಮೂಲ ಕೂಡ.

ಶಾಲೆಯಲ್ಲಿ ಕಲಿತ ಭೌತಶಾಸ್ತ್ರವನ್ನು ಸ್ವಲ್ಪ ನೆನೆದರೆ ಸಾಕು. 120ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಮೂವತ್ತಮೂರು ಮೀಟರ್ ಓಡುತ್ತದೆ. ಅಡ್ಡ ಬಂದವರನ್ನು ಕಂಡು ಕಾಲು ಬ್ರೇಕಿಗೆ ಹೋಗುವ ಹೊತ್ತಿಗೇ ಅಷ್ಟು ದೂರ ಮುಗಿಯಿತು. ಆಮೇಲೆ ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕು ಹಿಡಿದರೂ ಇನ್ನು ಸುಮಾರು ಎಪ್ಪತ್ತು ಮೀಟರ್ ಬೇಕು. ವೇಗವನ್ನು 160ಕ್ಕೆ ಏರಿಸಿದರೆ ಹೆಚ್ಚಿದ್ದು ಮೂರನೆಯ ಒಂದು ಪಾಲು ಮಾತ್ರ. ಆದರೆ ಬ್ರೇಕು ಹಿಡಿದ ಮೇಲೆ ಓಡುವ ದೂರ ಮುಕ್ಕಾಲು ಪಾಲಿಗಿಂತ ಹೆಚ್ಚಾಗಿ, ಎಲ್ಲ ಸೇರಿ ನಿಲ್ಲಲು ನೂರ ಎಪ್ಪತ್ತು ಮೀಟರ್ ಬೇಕಾಗುತ್ತದೆ. ಈ ರಸ್ತೆ ಹಾದುಹೋಗುವುದು ಹೊಲಗಳ ನಡುವೆ. ಇತ್ತ ಹಳ್ಳಿ, ಅತ್ತ ಹೊಲ ಇರುವವರುಂಟು. ಅವರಿಗೆ 5.9 ಸೆಕೆಂಡಿನ ಮಹಿಮೆಯನ್ನು ಯಾರು ವಿವರಿಸುವರು?

ಊರಿಗಾಮಿನ ಹುಡುಗನಿಗೆ ಇದು ತಿಳಿಯದಿರುವುದೇ ನನಗೆ ಸೋಜಿಗ. 1902ರಲ್ಲಿ, ಬೆಂಗಳೂರಿಗಿಂತ ಮೊದಲೇ, ಶಿವನಸಮುದ್ರದ ವಿದ್ಯುತ್ತನ್ನು ತರಿಸಿಕೊಂಡ ಊರು ನಮ್ಮದು. ಯಂತ್ರಗಳೇನೂ ನಮಗೆ ಹೊಸವಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಈ ಸೀಮೆಯಲ್ಲಿ ಎಲ್ಲರಿಗಿಂತ ಹೆಚ್ಚು ನಂಬಿಕೆ ಬೇಕಾಗಿದ್ದ ಚಾಲಕ ಯಾರು? ಕೂಲಿಗಳನ್ನು ತುಂಬಿದ ಕೇಜನ್ನು ಪಾತಾಳಕ್ಕೆ ಇಳಿಸಿ ಮತ್ತೆ ಮೇಲೆ ತರುತ್ತಿದ್ದ ವೈಂಡಿಂಗ್ ಎಂಜಿನ್ ಡ್ರೈವರ್. ಚಾಂಪಿಯನ್ ರೀಫಿನ ಆಳ ಮೂರು ಕಿಲೋಮೀಟರಿಗೂ ಮೇಲೆ. ಅವನು ಎಷ್ಟು ಬೇಗ ಇಳಿಸಿದ ಎಂದು ಯಾರೂ ಹೊಗಳುತ್ತಿರಲಿಲ್ಲ. ಗಂಟೆಯ ಸನ್ನೆಗೆ ಸರಿಯಾಗಿ, ಒಳಗಿನವರ ಮೊಣಕಾಲು ನಡುಗದ ಹಾಗೆ ನಿಲ್ಲಿಸಿದನೇ ಎಂಬುದೇ ಪ್ರಶ್ನೆ. ಯಂತ್ರದ ಮೇಲಿನ ಪ್ರಭುತ್ವ ಅಲ್ಲಿ ಕಾಣುತ್ತದೆ.

ಹಾಗಾದರೆ ವೇಗದ ಆನಂದವೇ ಪಾಪವೆಂದು ನಾನು ಹೇಳುತ್ತಿರುವೆನೆ? ಖಂಡಿತ ಇಲ್ಲ. ಎಂಜಿನಿನ ದನಿ ಏರುವಾಗ ಮೈ ಜುಮ್ಮೆನ್ನುವುದು ಮನುಷ್ಯನಿಗೆ ಸಹಜ. ಅದಕ್ಕೂ ಜಾಗವಿದೆ. ಈ ಎಕ್ಸ್‌ಪ್ರೆಸ್ ರಸ್ತೆ ಮುಟ್ಟಬೇಕಾದ ಇನ್ನೊಂದು ತುದಿ ಶ್ರೀಪೆರಂಬದೂರು. ಅದರ ಸಮೀಪದ ಇರುಂಗಾಟುಕೋಟೈಯಲ್ಲಿ 1990ರಿಂದ ರೇಸಿನ ಟ್ರ್ಯಾಕ್ ಇದೆ. ಅಲ್ಲಿ ಎದುರಿನಿಂದ ಬರುವವರಿಲ್ಲ, ಅಡ್ಡ ದಾಟುವವರಿಲ್ಲ. 265 ಅಶ್ವಗಳನ್ನೂ ಬಿಚ್ಚಿ ಓಡಿಸಬೇಕೆನ್ನುವವನು ಅಲ್ಲಿಗೆ ಹೋಗಲಿ. ಹೋಗದವನಿಗೆ ಆ ಅಶ್ವಗಳಲ್ಲಿ ಅರ್ಧಕ್ಕರ್ಧ ಲಾಯದಲ್ಲಿ ಕಟ್ಟಿ ಹುಲ್ಲು ಹಾಕುವುದಕ್ಕಷ್ಟೇ ಸರಿ.

ಕಾರನ್ನು ಪರೀಕ್ಷಿಸಬೇಕಾದ ಕ್ರಮ ಬೇರೆ. ಎರಡನ್ನೂ ಒಂದೇ ದಾರಿಯಲ್ಲಿ, ಒಂದೇ ಹೊತ್ತಿನಲ್ಲಿ ಓಡಿಸಬೇಕು. ಆ ದಾರಿ ಊರಿಗಾಮಿನ ಗುಂಡಿ, ದಿಣ್ಣೆಗಳ ಬೀದಿಯೇ ಆಗಲಿ. ನಲವತ್ತರ ವೇಗದಲ್ಲಿ ತಿರುವಿನಲ್ಲಿ ತಿರುಗಿಸಿದಾಗ ಚಕ್ರದ ಸುದ್ದಿ ಕೈಗೆ ಬರುತ್ತದೆಯೇ ನೋಡಲಿ. ಒಳ್ಳೆಯ ಸ್ಪೋರ್ಟ್ಸ್ ಕಾರು ನಲವತ್ತರಲ್ಲಿಯೂ ಸಂತೋಷ ಕೊಡುತ್ತದೆ. ಮಿನಿಯ ಕೀರ್ತಿಯೆಲ್ಲ ಬೆಳೆದದ್ದು ತಿರುವುಗಳಲ್ಲಿಯೇ. ಕೊನೆಯದಾಗಿ, ಓಡಿಸುವವನು ಸ್ಟೇರಿಂಗನ್ನು ಬಿಟ್ಟು ಒಮ್ಮೆ ಹಿಂದಿನ ಸೀಟಿನಲ್ಲಿ ಕುಳಿತು ಬರಲಿ.

ಹಿಂದಿನ ಸೀಟನ್ನು ಪರೀಕ್ಷಿಸಿದವರನ್ನು ನಾನು ಇದುವರೆಗೆ ಕಂಡಿಲ್ಲ. ನಮ್ಮ ಹುಡುಗ ನೋಡಿದ ಮಿನಿಗೆ ಅಕ್ಕಪಕ್ಕ ಒಂದೊಂದೇ ಬಾಗಿಲು. ಹಿಂದೆ ಕೂಡಬೇಕಾದವರು ಮುಂದಿನ ಸೀಟನ್ನು ಬಾಗಿಸಿ ನುಸುಳಬೇಕು. ಗಾಲ್ಫಿಗೆ ಹಿಂದೆಯೂ ಎರಡು ಬಾಗಿಲಿವೆ. ಮೊಣಕಾಲು ನೋವಿನ ನನ್ನ ಅಕ್ಕ ತಿಂಗಳಿಗೆರಡು ಸಲ ಊರಿಗಾಮಿನಿಂದ ಬೆಂಗಳೂರಿನ ವೈದ್ಯರಲ್ಲಿಗೆ ಹೋಗಬೇಕು. ಇದುವರೆಗೆ ರೈಲಿನಲ್ಲಿ ಹೋಗುತ್ತಿದ್ದಾಳೆ. ಇನ್ನು ಮುಂದೆ ಸೊಸೆಯನ್ನು ಮುಂದೆ ಕೂಡಿಸಿ, ತಾನು ಹಿಂದೆ ಕೂಡುತ್ತಾಳೆ. ಎಂಟು ಲಕ್ಷವನ್ನು ಏಳು ದಶಾಂಶ ಸೆಕೆಂಡಿಗೆ ಕೊಟ್ಟರೆ ಅದು ಹುಚ್ಚು. ತಾಯಿ ಬಗ್ಗದೆ ಹತ್ತಿ ಇಳಿಯುವ ಬಾಗಿಲಿಗೆ ಕೊಟ್ಟರೆ ಅದು ವಿವೇಕ. ಆದ್ದರಿಂದ ಅವನು ಗಾಲ್ಫನ್ನೇ ಕೊಳ್ಳಲಿ. ತೀರ್ಪು ಅವನದೇ, ಕಾರಣ ಮಾತ್ರ ನನ್ನದು. ಒಬ್ಬನೇ ಓಡಾಡುವ ಬ್ರಹ್ಮಚಾರಿಗೆ ನಾನು ಮಿನಿಯನ್ನೇ ಹೇಳಿ, ಉಳಿದ ಹಣವನ್ನು ಬ್ಯಾಂಕಿನಲ್ಲಿಡು ಎನ್ನುತ್ತಿದ್ದೆ.

ಕಾರಣ ಬದಲಾದರೆ ಏನು ಬದಲಾಯಿತು, ಕಾರು ಅದೇ ತಾನೆ, ಎನ್ನಬೇಡಿ. ಸೆಕೆಂಡಿಗಾಗಿ ಕೊಂಡವನು ದಿನವೂ ಆ ಸೆಕೆಂಡನ್ನು ರಸ್ತೆಯಲ್ಲಿ ವಸೂಲು ಮಾಡಲು ಹೊರಡುತ್ತಾನೆ. ಬಾಗಿಲಿಗಾಗಿ ಕೊಂಡವನು ಅದನ್ನು ತೆರೆದು ಹಿಡಿದು ನಿಲ್ಲುತ್ತಾನೆ.