ಬಾಯಿರುವ ಹೆಡ್ಮಾಸ್ಟರರು ಬೇಕು

ಸರ್ಕಾರಿ ಶಾಲೆಯ ಹೆಡ್ಮಾಸ್ಟರರನ್ನು ಹೊಗಳುವಾಗ ಊರವರ ಬಾಯಲ್ಲಿ ಬರುವ ಮಾತು ಒಂದೇ: 'ಪಾಪ, ಒಳ್ಳೆಯವರು. ಯಾರ ತಂಟೆಗೂ ಹೋಗುವವರಲ್ಲ.' ಈ ಒಳ್ಳೆಯತನಕ್ಕೆ ಬೆಲೆ ತೆರುವವರು ಯಾರು ಎಂದು ನಾವು ಕೇಳುತ್ತೇವೆ. ಮೂರು ಹುದ್ದೆಗಳಲ್ಲಿ ಎರಡು ಖಾಲಿ ಬಿದ್ದಾಗ, ಶೌಚಾಲಯವಿದ್ದೂ ಅದಕ್ಕೆ ನೀರಿಲ್ಲದಾಗ, ಅವರ ಮೌನದಿಂದ ಮೇಲಧಿಕಾರಿಗೆ ನೆಮ್ಮದಿ ಸಿಗುತ್ತದೆ. ಮಕ್ಕಳಿಗೆ ಏನೂ ಸಿಗುವುದಿಲ್ಲ. ದೊಡ್ಡವಳಾದ ಹುಡುಗಿ ಶಾಲೆ ಬಿಡುತ್ತಾಳೆ. ತಪ್ಪು ತಂದೆತಾಯಿಯ ತಲೆಗೆ ಬರುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಐದನೇ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳಿಗೆ ಇಬ್ಬರು ಶಿಕ್ಷಕರಿರಬೇಕು, 61 ಆದರೆ ಮೂವರು. ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಶೌಚಾಲಯವಿರಬೇಕು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟರೆ ಪಾಠಕ್ಕೆ ಸಂಬಂಧವಿಲ್ಲದ ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ 27ನೇ ಕಲಂ. ಆದರೆ ಕಾಯ್ದೆಗೆ ಕಾಲಿಲ್ಲ. ತಾನಾಗಿ ನಡೆದು ಶಾಲೆಗೆ ಬರುವುದಿಲ್ಲ. ಸಭೆಯಲ್ಲಿ ಎದ್ದು ನಿಂತು ಅದನ್ನು ಓದಿ ಹೇಳುವ ಒಬ್ಬರು ಬೇಕು.

ಗಂಟಲು ದೊಡ್ಡದಿದ್ದರೆ ಸಾಲದು. ಮೊದಲು ಹಾಜರಿ ಪುಸ್ತಕ ಸತ್ಯ ಹೇಳಬೇಕು. ಬಿಸಿಯೂಟದ ಲೆಕ್ಕಕ್ಕೆ ಇಲ್ಲದ ಮಕ್ಕಳನ್ನು ಸೇರಿಸುವವರು ಶಿಕ್ಷಕರನ್ನು ಕೊಡಿ ಎಂದು ಯಾವ ಮುಖದಿಂದ ಕೇಳಿಯಾರು? ಎರಡನೆಯದು, ಅನುದಾನದ ಲೆಕ್ಕವನ್ನು ತಾಯಂದಿರ ಮುಂದೆ ಬಿಚ್ಚಿಡುವ ಧೈರ್ಯ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಕಾಯ್ದೆಯೇ ಹೇಳಿದೆ. ಬೀಡಿ ಕಟ್ಟುವ ತಾಯಿಗೆ ಬಿಡುವಾಗುವ ಹೊತ್ತಿಗೆ ಸಭೆ ಕರೆಯದೆ, ಮನೆಗೆ ಪುಸ್ತಕ ಕಳಿಸಿ ಸಹಿ ತರಿಸಿಕೊಂಡರೆ ಅದು ಸಮಿತಿಯಲ್ಲ, ನಾಟಕ. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ತನ್ನವರಿಗೇ ಹೇಳುವುದು. ಓದುವ ಮಗಳ ಮದುವೆಗೆ ಅವಸರಪಡುವ ತಂದೆಗೆ, ಉರ್ದು ಶಾಲೆ ಉಳಿಯಲಿ ಎಂದು ವೇದಿಕೆಯಲ್ಲಿ ಭಾಷಣ ಮಾಡಿ ಸ್ವಂತ ಮಕ್ಕಳನ್ನು ಕಾನ್ವೆಂಟಿಗೆ ಕಳಿಸುವ ಮುಖಂಡರಿಗೆ ಮುಖಕ್ಕೆ ಹೇಳುವುದು.

ನೌಕರರಿಗೆ ನಡತೆ ನಿಯಮಗಳಿಲ್ಲವೇ ಎಂದು ಕೇಳುವವರಿದ್ದಾರೆ. ಇವೆ. ಆದರೆ ಸರ್ಕಾರವೇ ಬರೆದ ಕಾಯ್ದೆಯನ್ನು ಪಾಲಿಸಿ ಎಂದು ಅಧಿಕಾರಿಗೆ ಪತ್ರ ಬರೆಯುವುದು ದ್ರೋಹವಲ್ಲ, ಕರ್ತವ್ಯ.

ಬಾಯಿದ್ದವನು ಬರಗಾಲದಲ್ಲೂ ಬದುಕಿಯಾನು ಎನ್ನುತ್ತದೆ ಗಾದೆ. ಈ ಬಾಯಿ ತನಗಾಗಿ ಅಲ್ಲ, ಇನ್ನೂ ಮಾತು ಬಾರದ ನೂರು ಮಕ್ಕಳಿಗಾಗಿ. ಅಂಥವರಿಗೆ ವರ್ಗಾವಣೆಯಾದ ಮೇಲೆ ಶಾಲು ಹೊದಿಸಿ ಫೋಟೋ ತೆಗೆಸಿಕೊಳ್ಳುವುದರಿಂದ ಪ್ರಯೋಜನವಿಲ್ಲ. ಅವರು ಮಾತನಾಡುತ್ತಿರುವಾಗಲೇ ಪಕ್ಕದಲ್ಲಿ ಹೋಗಿ ನಿಲ್ಲಿ.