ಸಾಕುತಂದೆಯ ಭಕ್ತರು ಶಾಲೆಯ ಬಾಗಿಲಿಗೂ ಬರಲಿ

ಆಗಮನ ಕಾಲ ಬಂತೆಂದರೆ ನಮ್ಮ ಧರ್ಮಕೇಂದ್ರಗಳಿಗೆ ದಿಕ್ಕಿಲ್ಲದ ಮಕ್ಕಳ ನೆನಪಾಗುತ್ತದೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಿಂದ ಕೇಕು, ಹೊಸ ಬಟ್ಟೆ, ಬಣ್ಣದ ಪೆನ್ಸಿಲುಗಳನ್ನು ಹೊತ್ತ ವಾಹನಗಳು ಮಕ್ಕಳ ಆಶ್ರಯಧಾಮಗಳತ್ತ ಹೊರಡುತ್ತವೆ. ಒಂದು ಹಾಡು, ಒಂದು ಊಟ, ಒಂದು ಛಾಯಾಚಿತ್ರ. ಸಂಜೆಯೊಳಗೆ ಎಲ್ಲರೂ ಮನೆಗೆ. ಆ ಚಿತ್ರವನ್ನು ಮೊಬೈಲಿನಲ್ಲಿ ಹಂಚಿ ಸಂಭ್ರಮಿಸುವವರು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ನನ್ನು ಒಮ್ಮೆ ಓದಲಿ. ಇಂಥ ಮಕ್ಕಳ ಗುರುತು ಬಯಲಾಗುವಂತೆ ಹೆಸರು, ಶಾಲೆ, ಚಿತ್ರ ಪ್ರಕಟಿಸುವವರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಆದರೆ ನನ್ನ ತಕರಾರು ಚಿತ್ರದ ಬಗ್ಗೆ ಅಲ್ಲ. ಉಳಿದ ಹನ್ನೊಂದು ತಿಂಗಳು ಆ ಮಗುವಿನ ಅಂಕಪಟ್ಟಿಯನ್ನು ನೋಡುವವರು ಯಾರು?

ನಮ್ಮ ಮಕ್ಕಳ ಗಣಿತದಲ್ಲಿ ಐದು ಅಂಕ ಕಡಿಮೆಯಾದರೆ ನಾವು ಶಿಕ್ಷಕರ ಮುಂದೆ ಕುಳಿತು ವಾದಿಸುತ್ತೇವೆ. ರೈಲು ನಿಲ್ದಾಣದಲ್ಲಿ ಸಿಕ್ಕ ಮಗು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುತ್ತದೆ. ಅಲ್ಲಿಂದ ಬಾಲಮಂದಿರಕ್ಕೆ, ಮತ್ತೊಂದು ಆಶ್ರಯಧಾಮಕ್ಕೆ, ಅದೃಷ್ಟವಿದ್ದರೆ ಪೋಷಕತ್ವ ಯೋಜನೆಯಡಿ ಒಂದು ಸಾಕು ಕುಟುಂಬಕ್ಕೆ. ಸ್ಥಳ ಬದಲಾದಂತೆ ಶಾಲೆಯೂ ಬದಲಾಗುತ್ತದೆ, ಕೆಲವೊಮ್ಮೆ ಮಾಧ್ಯಮವೂ. ವರ್ಗಾವಣೆ ಪತ್ರವೆಲ್ಲಿ, ಜನನ ಪ್ರಮಾಣಪತ್ರವೆಲ್ಲಿ, ಸ್ಯಾಟ್ಸ್ ಸಂಖ್ಯೆಯೆಲ್ಲಿ ಎಂಬ ಪ್ರಶ್ನೆಗಳಿಗೆ ಉತ್ತರಿಸುವ ತಂದೆತಾಯಿ ಅದಕ್ಕಿಲ್ಲ.

ಕಾನೂನು ಈ ಮಗುವಿನ ಪರವಾಗಿಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಬರುವ ಮಗುವಿಗೆ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿನ ದಾಖಲೆಯಿಲ್ಲವೆಂದೂ ನಿರಾಕರಿಸುವಂತಿಲ್ಲ. ಇದೂ ಎಂಟನೆಯ ತರಗತಿಯವರೆಗೆ ಮಾತ್ರ. ಕಷ್ಟ ಹೆಚ್ಚುವುದೇ ಆಮೇಲೆ. ಆದರೆ ಕಾಯ್ದೆ ತಾನಾಗಿ ನಡೆದು ಮುಖ್ಯೋಪಾಧ್ಯಾಯರ ಕೊಠಡಿಗೆ ಹೋಗುವುದಿಲ್ಲ. ಯಾರಾದರೂ ಒಯ್ಯಬೇಕು. ಹತ್ತಾರು ಮಕ್ಕಳನ್ನು ನೋಡಿಕೊಳ್ಳುವ ಗೃಹಪಾಲಕರಿಗೆ ಅದಕ್ಕೆ ಬಿಡುವೆಲ್ಲಿ? 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿ ಪೋಷಕತ್ವಕ್ಕೆ ತಿಂಗಳಿಗೆ 4,000 ರೂಪಾಯಿ ನಿಗದಿಪಡಿಸಿದೆ. ಹಣ ಬೇಕು, ನಿಜ. ಆದರೆ ಹಣ ಪೋಷಕರ ಸಭೆಗೆ ಹೋಗಿ ಕೂರುವುದಿಲ್ಲ.

ಅಮೆರಿಕದ ಸಿಯಾಟಲ್ ನಗರದಲ್ಲಿ ಡೇವಿಡ್ ಸೂಕಪ್ ಎಂಬ ನ್ಯಾಯಾಧೀಶರು, ತಮ್ಮ ಮುಂದೆ ಬರುವ ಮಕ್ಕಳ ಪರವಾಗಿ ಮಾತನಾಡುವವರೇ ಇಲ್ಲವೆಂದು ಕಂಡು, 1977ರಲ್ಲಿ ಸಾಮಾನ್ಯ ನಾಗರಿಕರನ್ನು ತರಬೇತುಗೊಳಿಸಿ ಮಗುವಿಗೊಬ್ಬ ಸ್ವಯಂಸೇವಕ ವಕಾಲತ್ತುದಾರನನ್ನು ನೇಮಿಸುವ ಪದ್ಧತಿ ಆರಂಭಿಸಿದರು. ನಮ್ಮ ಬಾಲನ್ಯಾಯ ಕಾಯ್ದೆಯಲ್ಲಿ ಅಂಥ ಹುದ್ದೆ ಇಲ್ಲ. ಆದರೆ ಪ್ರತಿ ಮಗುವಿಗೂ ವೈಯಕ್ತಿಕ ಆರೈಕೆ ಯೋಜನೆ ಇರಬೇಕು, ಅದರಲ್ಲಿ ಶಿಕ್ಷಣವೂ ಸೇರಬೇಕು. ಆ ಯೋಜನೆಯ ಹಾಳೆ ಕಡತದಲ್ಲಿ ಮಲಗದಂತೆ ನೋಡಿಕೊಳ್ಳುವ ಒಬ್ಬ ಹಿರಿಯರನ್ನು ಮಗುವಿಗೆ ಒದಗಿಸಲು ಹೊಸ ಕಾಯ್ದೆ ಬೇಕಿಲ್ಲ.

ಸಮಯವಿಲ್ಲವೆನ್ನುತ್ತಾರೆ. ನಮ್ಮ ಬಡಾವಣೆಗಳಲ್ಲಿ ನಿವೃತ್ತ ಶಿಕ್ಷಕಿಯರು, ಬ್ಯಾಂಕು ನೌಕರರು ಎಷ್ಟಿಲ್ಲ! 1980ರಲ್ಲಿ ಸಲೇಸಿಯನ್ನರು ಬೆಂಗಳೂರಿನ ಬೀದಿ ಮಕ್ಕಳಿಗಾಗಿ 'ಬೆಂಗಳೂರು ಓಣಿಯವರ ಸೇವಾಕೂಟ' ಆರಂಭಿಸಿದರು. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು, ಆ ಹೊರೆಯನ್ನು ಧರ್ಮಗುರುಗಳ ಮತ್ತು ಭಗಿನಿಯರ ಹೆಗಲಿಗೇ ಬಿಟ್ಟು ನಿಶ್ಚಿಂತರಾಗಿದ್ದೇವೆ.

ಇನ್ನೊಂದು ಕಹಿ ಮಾತು. 2014ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಅಲ್ಪಸಂಖ್ಯಾತರ ಶಾಲೆಗಳನ್ನು ಶಿಕ್ಷಣ ಹಕ್ಕು ಕಾಯ್ದೆಯ ಹೊರಗಿಟ್ಟಿತು. ಆ ತೀರ್ಪನ್ನು ಮರುಪರಿಶೀಲಿಸಬೇಕೆಂದು 2025ರಲ್ಲಿ ಪೀಠವೊಂದು ಅಭಿಪ್ರಾಯಪಟ್ಟಿದೆ. ಸಂವಿಧಾನ ಕೊಟ್ಟ ಹಕ್ಕನ್ನು ಕಾಪಾಡಿಕೊಳ್ಳೋಣ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕಾಯ್ದೆ ಕಡ್ಡಾಯ ಮಾಡದಿರುವುದನ್ನು ಪ್ರೀತಿಯಿಂದ ಮಾಡಬಾರದೆಂದು ಯಾವ ತೀರ್ಪೂ ಹೇಳಿಲ್ಲ. ಕ್ರೈಸ್ತ ಶಾಲೆಯ ಪ್ರತಿ ತರಗತಿಯಲ್ಲಿ ಬಾಲಮಂದಿರದ ಅಥವಾ ಸಾಕು ಕುಟುಂಬದ ಒಂದು ಮಗುವಿಗೆ ಜಾಗವಿರಲಿ ಎಂದು ಕೇಳುವುದು ದುರಾಸೆಯೇ?

2020ರ ಡಿಸೆಂಬರ್ 8ರಿಂದ ಒಂದು ವರ್ಷ ನಾವು ಸಂತ ಜೋಸೆಫರ ವರ್ಷವನ್ನು ಆಚರಿಸಿದೆವು. ಯೇಸುವಿನ ಸಾಕುತಂದೆಗೆ ಜಪಗಳು, ನವೇನಗಳು ಸಂದವು. ಆ ಸಾಕುತಂದೆ ಮಾಡಿದ್ದಾದರೂ ಏನು? ತನ್ನದಲ್ಲದ ಮಗುವನ್ನು ರಾತ್ರೋರಾತ್ರಿ ಎತ್ತಿಕೊಂಡು ಈಜಿಪ್ಟಿಗೆ ನಡೆದ, ಮರಳಿ ನಜರೇತಿನಲ್ಲಿ ತನ್ನ ಕಸುಬನ್ನು ಕಲಿಸಿದ.

ಪ್ರತಿ ಧರ್ಮಕೇಂದ್ರದಿಂದ ಐದು ಜನ ಮುಂದೆ ಬರಲಿ. ಸಮಿತಿಯ ಅನುಮತಿ ಪಡೆಯಲಿ, ಪೊಲೀಸ್ ಪರಿಶೀಲನೆಗೆ ಒಳಪಡಲು ಹಿಂಜರಿಯದಿರಲಿ. ಒಬ್ಬರಿಗೆ ಒಂದೇ ಮಗು, ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ. ನಡುವೆ ಕೈಬಿಡುವವರು ಬರುವುದೇ ಬೇಡ, ಆ ಮಗು ಅಂಥವರನ್ನು ಈಗಾಗಲೇ ಸಾಕಷ್ಟು ಕಂಡಿದೆ. ಶಾಲೆಗಳು ತೆರೆಯುವ ಮುನ್ನವೇ ವರ್ಗಾವಣೆ ಪತ್ರದ ಓಡಾಟ ಶುರುವಾಗಬೇಕು. ಆದ್ದರಿಂದ ಹೆಸರುಗಳು ತಪಸ್ಸು ಕಾಲ ಮುಗಿಯುವುದರೊಳಗೆ ಧರ್ಮಗುರುಗಳ ಕೈಸೇರಲಿ.