ಟೈಲ್ಸ್ ಫೋಟೊ ಆಮೇಲೆ, ಮೊದಲು ನೆಲದ ಫೋಟೊ

ಸುತ್ತೂರು ಜಾತ್ರೆ ಜನವರಿ ಇಲ್ಲವೇ ಫೆಬ್ರವರಿಯಲ್ಲಿ. ‘ನೆಂಟರು ಬರೋದ್ರೊಳಗೆ ನೆಲ ಮಾಡಿಸಿಬಿಡೋಣ ಕಣಪ್ಪ’ ಅಂತ ಊರಿಂದ ಫೋನ್ ಬಂದ್ರೆ, ಬೆಂಗಳೂರಲ್ಲಿರೋ ನಾವು ಮಾಡೋದು ಎರಡೇ ಕೆಲಸ: ವಾಟ್ಸ್ಆ್ಯಪ್‌ನಲ್ಲಿ ಬಂದ ಟೈಲ್ಸ್ ಫೋಟೊಗಳಲ್ಲಿ ಒಂದನ್ನು ಆರಿಸೋದು, ಅಡ್ವಾನ್ಸ್ ಕಳಿಸೋದು. ಕೆಳಗಿರೋ ನೆಲ ಹೇಗಿದೆ ಅಂತ ಕೇಳೋದೇ ಇಲ್ಲ.

ಹಳೇ ಮನೆಗಳಲ್ಲಿ ಸಾಮಾನ್ಯವಾಗಿ ಇರೋದು ಕಡಪ ಕಲ್ಲು ಇಲ್ಲವೇ ರೆಡ್ ಆಕ್ಸೈಡ್. ವರ್ಷಗಟ್ಟಲೆ ಒರೆಸಿ ನುಣುಪಾದ ಆ ನೆಲಕ್ಕೆ ಸಿಮೆಂಟ್ ಸರಿಯಾಗಿ ಹಿಡಿಯಲ್ಲ. ಕಚ್ಚು ಹೊಡೆದು ಒರಟು ಮಾಡಿ, ಧೂಳು ತೊಳೆದ ಮೇಲೇ ಕೆಲಸ ಶುರುವಾಗಬೇಕು.

ಅದಕ್ಕೂ ಮೊದಲು ಮನೆಯವರೇ ಮೂರು ಪರೀಕ್ಷೆ ಮಾಡಬಹುದು.

ಒಂದು, ಬಡಿದು ನೋಡೋದು. ಕೋಲಿನ ತುದಿಯಿಂದ ತಟ್ಟುತ್ತಾ ಹೋದರೆ ಗಟ್ಟಿ ಜಾಗಕ್ಕೂ ಪೊಳ್ಳು ಜಾಗಕ್ಕೂ ಸದ್ದು ಬೇರೆ. ಪೊಳ್ಳಿದ್ದ ಕಡೆ ಕಿತ್ತು, ಮಣ್ಣು ದಮ್ಮಸ್ಸು ಮಾಡಿ, ಕಾಂಕ್ರೀಟ್ ಹಾಕಿಸಬೇಕು.

ಎರಡು, ತೇವ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಅಡಿ ನೀರಹನಿ ಕಂಡರೆ ನೆಲದಿಂದ ತೇವ ಏಳ್ತಿದೆ ಅಂತ ಅರ್ಥ. ಕಪಿಲೆ ದಡದ ಊರುಗಳಲ್ಲಿ ಇದನ್ನು ಬಿಡಲೇಬೇಡಿ. ಪೈಪ್ ಸೋರಿಕೆಯೋ, ಅಂಗಳದ ಮಳೆನೀರೋ, ಮೂಲ ಹುಡುಕಿ ಸರಿ ಮಾಡಿ. ಮರದ ಡಿಸೈನಿನ ಲ್ಯಾಮಿನೇಟ್ ಹಾಕೋ ಯೋಚನೆಯಿದ್ದರಂತೂ ತೇವಕ್ಕೆ ಅದು ಉಬ್ಬುತ್ತೆ.

ಮೂರು, ಮಟ್ಟ. ಎರಡು ಮೀಟರ್ ಉದ್ದದ ನೇರ ಪಟ್ಟಿ ಇಟ್ಟು ನೋಡಿ. ಅಡಿಯಲ್ಲಿ 3 ಮಿ.ಮೀ.ಗಿಂತ ಹೆಚ್ಚು ಸಂದು ಕಂಡರೆ ಮೊದಲು ಅದನ್ನು ತುಂಬಿಸಬೇಕು. ಟೈಲ್ಸ್ ಅಂಟಿಸೋ ಅಂಟಿನ ತೆಳು ಪದರಕ್ಕೆ ತಗ್ಗು ಮುಚ್ಚೋ ಶಕ್ತಿ ಇಲ್ಲ.

ಇನ್ನು ಎತ್ತರದ ಲೆಕ್ಕ. ಹಳೇ ನೆಲದ ಮೇಲೆ ಗಾರೆ ಹಾಸಿ ಟೈಲ್ಸ್ ಕೂರಿಸಿದರೆ ಒಂದೂವರೆ ಇಂಚಿನಷ್ಟು ಏರುತ್ತೆ. ಬಾಗಿಲು ಉಜ್ಜುತ್ತೆ ಅಂತ ಕೆಳಗೆ ಕೊಯ್ದರೆ ಸರಿಹೋಗುತ್ತೆ. ಆದರೆ ನಲವತ್ತು ವರ್ಷದಿಂದ ಕತ್ತಲಲ್ಲೂ ಆ ಹೊಸ್ತಿಲು ದಾಟಿದ ಅಮ್ಮನ ಕಾಲಿಗೆ ಹೊಸ ಎತ್ತರ ಗೊತ್ತಿರಲ್ಲ. ಎಡವಿ ಬಿದ್ದು ಸೊಂಟದ ಮೂಳೆ ಮುರಿದರೆ ಯಾವ ಟೈಲ್ಸೂ ಲೆಕ್ಕಕ್ಕೆ ಬರಲ್ಲ. ಎತ್ತರ ಹೆಚ್ಚಾಗೋ ಹಾಗಿದ್ದರೆ ಹಳೇ ನೆಲ ಕೀಳಿಸೋದೇ ವಾಸಿ.

ಹೊಸ ಕಾಂಕ್ರೀಟಿಗೆ ಕನಿಷ್ಠ ಏಳು ದಿನ ನೀರು ಉಣಿಸಬೇಕು, ಆಮೇಲೆ ಒಣಗೋಕೂ ಬಿಡಬೇಕು. ಮೇಸ್ತ್ರಿ ಹತ್ತಿರ ಈ ದಿನಗಳನ್ನು ಮೊದಲೇ ಮಾತಾಡಿಕೊಳ್ಳಿ. ಸಮಯ ಸಾಲದಿದ್ದರೆ ಈ ಸಲದ ಜಾತ್ರೆ ಹಳೇ ನೆಲದಲ್ಲೇ ಆಗಲಿ. ಅಡ್ವಾನ್ಸ್ ಕಳಿಸೋ ಮೊದಲು ಅಪ್ಪನಿಗೆ ಫೋನ್ ಮಾಡಿ, ಪ್ಲಾಸ್ಟಿಕ್ ಹಾಳೆ ಎತ್ತಿದಾಗಿನ ಫೋಟೊ ಕೇಳಿ.